ಧಿಕ್ಕಾರ ಕೂಗಲು ಸಂಬಳ ಬೇಕು

ಕರ್ನಾಟಕದ ತಾಲ್ಲೂಕು ಕಚೇರಿಗಳ ಮುಂದೆ ಧರಣಿಗೆ ಕಟ್ಟುವ ನೀಲಿ ಬ್ಯಾನರುಗಳ ಮೂಲೆಯಲ್ಲಿ ಎಷ್ಟೋ ಸಲ ಪುಟ್ಟ ಅಕ್ಷರದ ಒಂದು ಸಂಖ್ಯೆ ಇರುತ್ತದೆ: 47/74-75. ಅದು ದಲಿತ ಸಂಘರ್ಷ ಸಮಿತಿಯ ನೋಂದಣಿ ಸಂಖ್ಯೆ. ಸಮಿತಿ ಹಲವು ಬಣಗಳಾಗಿ ಒಡೆದು ದಶಕಗಳೇ ಕಳೆದಿವೆ. ಆದರೂ ಆ ಸಂಖ್ಯೆಯನ್ನು, ಅದರ ಜೊತೆಗಿರುವ ‘ಪ್ರೊ. ಬಿ. ಕೃಷ್ಣಪ್ಪ ಸ್ಥಾಪಿತ’ ಎಂಬ ಒಕ್ಕಣೆಯನ್ನು ಬಿಟ್ಟುಕೊಡಲು ಯಾವ ಬಣವೂ ಸುಲಭಕ್ಕೆ ಒಪ್ಪುವುದಿಲ್ಲ. ಆ ನೋಂದಣಿ ಆದದ್ದು ವಿಧಾನಸೌಧ ಇರುವ ಬೆಂಗಳೂರಿನಲ್ಲಿ ಅಲ್ಲ, ವಿಶ್ವವಿದ್ಯಾಲಯ ಇದ್ದ ಮೈಸೂರಿನಲ್ಲೂ ಅಲ್ಲ. ಸಮಿತಿ ಹುಟ್ಟಿದ್ದು ಕಬ್ಬಿಣದ ಕಾರ್ಖಾನೆಯ ಭದ್ರಾವತಿಯಲ್ಲಿ. ಬೀರೂರಿನಲ್ಲಿ ಶಿವಮೊಗ್ಗದ ರೈಲು ಹತ್ತಿದರೆ ತರೀಕೆರೆ ದಾಟಿದ ಮೇಲೆ ಸಿಗುವ ಊರು. ಕಡೂರು ತಾಲ್ಲೂಕಿನ ಬಯಲು ಹೋಬಳಿ ಯಗಟಿಯ ಜನಕ್ಕೆ ಅದು ಪರಸ್ಥಳವೇನಲ್ಲ. ಹೀಗಿದ್ದೂ ಸಮಿತಿ ಯಗಟಿಯಲ್ಲಿ ಏಕೆ ಹುಟ್ಟಲಿಲ್ಲ, ಭದ್ರಾವತಿಯಲ್ಲೇ ಏಕೆ ಹುಟ್ಟಿತು ಎಂಬ ಪ್ರಶ್ನೆ ಕೇಳಿಕೊಳ್ಳಬೇಕಾದದ್ದು.

‘ಭದ್ರಾವತಿಯಲ್ಲಿ ಕೃಷ್ಣಪ್ಪ ಇದ್ದರು, ಯಗಟಿಯಲ್ಲಿ ಇರಲಿಲ್ಲ’ ಎಂಬುದು ಸುಲಭದ ಉತ್ತರ. ಚಳವಳಿಗಳ ಚರಿತ್ರೆಯನ್ನು ನಾವು ಬರೆಯುವುದೂ ಹೀಗೆಯೇ: ಒಬ್ಬ ಮಹನೀಯರು, ಒಂದು ಭಾಷಣ, ಒಂದು ಜಾಗೃತಿ. ಅವಮಾನದ ಅರಿವು ಯಗಟಿಯಂಥ ಹೋಬಳಿಯ ಕೇರಿಗಳಲ್ಲಿ ಎಂದೂ ಕಡಿಮೆ ಇರಲಿಲ್ಲ. ಹೋಟೆಲಿನ ಹೊರಗೆ ಪ್ರತ್ಯೇಕ ಲೋಟ ಹಿಡಿದವರಿಗೆ ಅದು ಅನ್ಯಾಯ ಎಂದು ಪ್ರೊಫೆಸರೊಬ್ಬರು ಬಂದು ತಿಳಿಸಬೇಕಾಗಿರಲಿಲ್ಲ. ಕೊರತೆ ಇದ್ದದ್ದು ಬೇರೆಯದು: ಇವತ್ತು ಧಿಕ್ಕಾರ ಕೂಗಿದರೆ ನಾಳೆಯ ಕೂಲಿಗೆ ಯಾರ ಮನೆ ಬಾಗಿಲಿಗೆ ಹೋಗುವುದು? ಜಾತಿ ವಿರುದ್ಧದ ಪ್ರತಿಭಟನೆ ಎಲ್ಲಿ ಗಟ್ಟಿಯಾಗಿ ನೆಲೆ ನಿಂತಿದೆಯೋ ಅಲ್ಲೆಲ್ಲ ಹುಡುಕಿದರೆ, ಎದುರಾಳಿಯ ಕೈಯಿಂದ ಬಾರದ ಒಂದು ಸಂಬಳ ಹಿಂದೆ ಕಾಣುತ್ತದೆ ಎಂಬುದು ನನ್ನ ವಾದ. ಧೈರ್ಯವನ್ನು ಸಣ್ಣದು ಮಾಡುವ ಮಾತಲ್ಲ ಇದು. ಧೈರ್ಯ ಎಲ್ಲ ಊರಿನಲ್ಲೂ ಇರುತ್ತದೆ. ಅದು ಒಂದು ವಾರಕ್ಕಿಂತ ಹೆಚ್ಚು ಬಾಳುವುದು ಮಾತ್ರ ಕೆಲವೇ ಊರುಗಳಲ್ಲಿ.

ಭದ್ರಾವತಿಯ ಕಥೆ ಗೊತ್ತಿರುವುದೇ ಆದರೂ ಈ ಕಣ್ಣಿನಿಂದ ನೋಡಿದರೆ ಬೇರೆಯಾಗಿ ಕಾಣುತ್ತದೆ. ಬೆಂಕಿಪುರ ಎಂಬ ಹಳೆಯ ಹೆಸರಿನ ಈ ಊರಿನಲ್ಲಿ ಮೈಸೂರು ಸಂಸ್ಥಾನ 1918ರಲ್ಲಿ ಕಬ್ಬಿಣದ ಕಾರ್ಖಾನೆಗೆ ಕೈಹಾಕಿತು. 1923ರಲ್ಲಿ ಕುಲುಮೆ ಉರಿಯಿತು. ಅದಿರು ಬಂದದ್ದು ತರೀಕೆರೆ ಸೀಮೆಯ ಕೆಮ್ಮಣ್ಣುಗುಂಡಿಯಿಂದ, ಇದ್ದಿಲು ಬಂದದ್ದು ಸುತ್ತಲಿನ ಕಾಡಿನಿಂದ, ಜನ ಬಂದದ್ದು ಎಲ್ಲ ಕಡೆಯಿಂದ. ತಮಿಳರು, ತೆಲುಗರು, ಬಯಲುಸೀಮೆಯ ಕನ್ನಡಿಗರು ಒಂದೇ ಪಾಳಿಯ ಸೈರನ್ನಿಗೆ ಎದ್ದರು. 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ ಇನ್ನಷ್ಟು ಜನರನ್ನು ಸೆಳೆಯಿತು. ಕಾರ್ಖಾನೆಯ ಕೆಲಸದಲ್ಲಿ ಸಂಬಳಕ್ಕೆ ತಾರೀಖು ಇತ್ತು, ಮೇಲಧಿಕಾರಿ ಬೈದರೆ ದೂರು ಕೊಡಲು ಯೂನಿಯನ್ ಇತ್ತು, ಇರಲು ಕ್ವಾರ್ಟರ್ಸ್ ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಸಂಬಳ ಕೊಡುವವನು ಊರ ಗೌಡನಲ್ಲ, ಸರ್ಕಾರದ ಕಂಪನಿ. ಊರ ಮಾರಿಹಬ್ಬದಲ್ಲಿ ತಮಟೆ ಬಡಿಯಲು ಒಲ್ಲೆ ಎಂದವನ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕಲು ಯಾರಿಗೂ ಆಗುತ್ತಿರಲಿಲ್ಲ. 1938ರಲ್ಲಿ ಹರಿಹರದಲ್ಲಿ ಹುಟ್ಟಿದ ಕೃಷ್ಣಪ್ಪ ಈ ಊರಿನ ಕಾಲೇಜಿಗೆ ಕನ್ನಡ ಅಧ್ಯಾಪಕರಾಗಿ ಬಂದರು. ಅವರ ಸುತ್ತ ನೆರೆದವರು ಕಾರ್ಖಾನೆಯ ನೌಕರರು, ಶಾಲಾ ಮಾಸ್ತರರು, ಹಾಸ್ಟೆಲಿನ ಹುಡುಗರು. ತಿಂಗಳ ಕೊನೆಗೆ ಊರಿನ ಯಾರ ಮುಖವನ್ನೂ ನೋಡಬೇಕಾಗಿಲ್ಲದ ಜನ.

ಅದೇ ಹೊತ್ತಿನಲ್ಲಿ ಬಯಲಿನ ಹಳ್ಳಿಗಳಲ್ಲಿ ಏನು ನಡೆಯುತ್ತಿತ್ತು? ದೇವರಾಜ ಅರಸು ಸರ್ಕಾರದ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರನ್ನು ಒಡೆಯರನ್ನಾಗಿ ಮಾಡಿದ ಆ ಕಾನೂನನ್ನು ಕೊಂಡಾಡಲು ಕಾರಣಗಳಿವೆ. ಆದರೆ ಅದು ಕೈಯಲ್ಲಿ ಗೇಣಿ ಚೀಟಿ ಇದ್ದವನಿಗೆ ಒಲಿಯಿತು. ಕೇರಿಯ ಬಹುಪಾಲು ಜನ ಗೇಣಿದಾರರೂ ಆಗಿರಲಿಲ್ಲ. ಅವರು ಕೂಲಿಗಳು, ಜೀತದಾಳುಗಳು. ಹಳೆಯ ಜಮೀನುದಾರ ಹೋಗಿ ಹೊಸ ಜಮೀನುದಾರ ಬಂದ. ರಾಗಿ ಕುಯ್ಲಿಗೆ, ತೆಂಗಿನ ತೋಟದ ಪಾತಿಗೆ ಕರೆಯುವವನು ಬದಲಾದ, ಕರೆಸಿಕೊಳ್ಳುವವನು ಬದಲಾಗಲಿಲ್ಲ. ಜೀತವನ್ನು ರದ್ದು ಮಾಡಿದ ಕೇಂದ್ರ ಕಾಯ್ದೆ ಬಂದದ್ದು 1976ರಲ್ಲಿ. ಆಮೇಲೂ ಕೂಲಿ, ಸಾಲ, ಮೇವು, ಹಿತ್ತಿಲಿಗೆ ಹೋಗುವ ದಾರಿ ಎಲ್ಲವೂ ಒಂದೇ ಮನೆಯ ಮರ್ಜಿಯಲ್ಲಿದ್ದ ಕಡೆ ಹೋಟೆಲಿನ ಲೋಟದ ಬಗ್ಗೆ ಜಗಳ ತೆಗೆಯುವುದೆಂದರೆ ಒಟ್ಟು ಬದುಕನ್ನೇ ಪಣಕ್ಕಿಡುವುದು. ಹೀಗೆ ಸುಮ್ಮನಿದ್ದವರನ್ನು ‘ಜಾಗೃತಿ ಇಲ್ಲದವರು’ ಎಂದು ಕರೆದ ಭಾಷಣಗಳು ನಮ್ಮಲ್ಲಿ ಸಾಕಷ್ಟಿವೆ. ಅವರ ಲೆಕ್ಕಾಚಾರ ಭಾಷಣಕಾರರ ಲೆಕ್ಕಾಚಾರಕ್ಕಿಂತ ಎಷ್ಟೋ ನಿಖರವಾಗಿತ್ತು.

ಇದಕ್ಕೆ ಒಂದು ಆಕ್ಷೇಪ ಕೂಡಲೇ ಏಳುತ್ತದೆ. ದಲಿತ ಚಳವಳಿಯ ಕಿಡಿ ಹೊತ್ತಿದ್ದು ಮೈಸೂರಿನಲ್ಲಲ್ಲವೇ? 1973ರ ನವೆಂಬರ್ 19ರಂದು ಸಚಿವ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ಗಲಭೆ ಎದ್ದಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಕೊನೆಗೆ ಸಚಿವರು ರಾಜೀನಾಮೆ ಕೊಟ್ಟರು. ಅವರೇ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದಾಗ ಆಗದಷ್ಟು ಗದ್ದಲ ಸಾಹಿತ್ಯದ ಬಗ್ಗೆ ಒಂದು ಮಾತಾಡಿದ್ದಕ್ಕೆ ಆಯಿತು ಎಂಬುದು ಆ ಕಾಲದ ಬಗ್ಗೆ ಬಹಳ ಹೇಳುತ್ತದೆ. ದೇವನೂರ ಮಹಾದೇವ, ಸಿದ್ಧಲಿಂಗಯ್ಯನವರ ಪೀಳಿಗೆಯ ಬರಹಗಾರರು ಒಟ್ಟಾಗಲು ಆ ಗಲಭೆ ಕಾರಣವಾಯಿತು ಎಂಬುದೂ ನಿಜ. ವಿಚಾರ ಮೊದಲು ಬಂತು, ಸಂಬಳ ಆಮೇಲೆ ಎನ್ನಬಹುದು. ಆದರೆ ಆ ವಿದ್ಯಾರ್ಥಿಗಳು ಮೈಸೂರಿನಲ್ಲಿ ಉಣ್ಣುತ್ತಿದ್ದದ್ದು ಎಲ್ಲಿ? ಸರ್ಕಾರಿ ಹಾಸ್ಟೆಲಿನಲ್ಲಿ. ವಿದ್ಯಾರ್ಥಿವೇತನವೂ ಎದುರಾಳಿಯ ಕೈಯಿಂದ ಬಾರದ ಹಣವೇ. ಹಾಸ್ಟೆಲ್ ಎಂಬುದು ಚಿಕ್ಕ ಅವಧಿಯ ಭದ್ರಾವತಿ. ಪದವಿ ಮುಗಿದೊಡನೆ ಹುಡುಗ ಊರಿಗೆ ಮರಳಬೇಕು, ಮರಳಿದಾಗ ಮತ್ತೆ ಅದೇ ಗೌಡರ ಅಂಗಳ. ಕಿಡಿ ಹಾಸ್ಟೆಲಿನಲ್ಲಿ ಹೊತ್ತಿರಬಹುದು, ಆದರೆ ರಸೀದಿ ಪುಸ್ತಕ, ಪದಾಧಿಕಾರಿಗಳ ಪಟ್ಟಿ, ತಾಲ್ಲೂಕು ಶಾಖೆ ಎಂಬ ದಿನನಿತ್ಯದ ಸಂಘಟನೆಗೆ ಬೇಕಿದ್ದ ನೆಲೆ ನೌಕರರ ಊರಿನಲ್ಲಿ ಸಿಕ್ಕಿತು.

ಇದು ಕನ್ನಡ ನಾಡಿಗಷ್ಟೇ ಸೇರಿದ ವಿಷಯವೂ ಅಲ್ಲ. ಅಮೆರಿಕದ ಮಾಂಟ್ಗೊಮರಿ ನಗರದಲ್ಲಿ 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಬಸ್ಸಿನ ಸೀಟು ಬಿಡಲು ಒಪ್ಪದೆ ಬಂಧನಕ್ಕೊಳಗಾದ ಕಥೆ ನಮ್ಮ ಶಾಲಾ ಮಕ್ಕಳಿಗೂ ಗೊತ್ತು. ಆಕೆಯನ್ನು ಜಾಮೀನಿನ ಮೇಲೆ ಬಿಡಿಸಿ ತಂದವರಲ್ಲಿ ಒಬ್ಬರಾದ ಇ.ಡಿ. ನಿಕ್ಸನ್ ಅವರ ಹೆಸರು ಅಷ್ಟಾಗಿ ಗೊತ್ತಿಲ್ಲ. ನಿಕ್ಸನ್ ರೈಲಿನ ಮಲಗುವ ಬೋಗಿಗಳಲ್ಲಿ ಪರಿಚಾರಕರ ಕೆಲಸ ಮಾಡುತ್ತಿದ್ದವರು, ಆ ಕಾರ್ಮಿಕ ಸಂಘದ ಸ್ಥಳೀಯ ಮುಖಂಡರು. ಅವರ ಸಂಬಳ ಬರುತ್ತಿದ್ದದ್ದು ದೂರದ ಶಿಕಾಗೋದ ಪುಲ್‌ಮನ್ ಕಂಪನಿಯಿಂದ. ಮಾಂಟ್ಗೊಮರಿಯ ಬಿಳಿಯ ವ್ಯಾಪಾರಿಗಳು ಸಿಟ್ಟಾದರೂ ಅದನ್ನು ನಿಲ್ಲಿಸಲಾರರು. ರೋಸಾ ಪಾರ್ಕ್ಸ್ ಹೊಲಿಗೆ ಕೆಲಸ ಮಾಡುತ್ತಿದ್ದದ್ದು ಅದೇ ಊರಿನ ಅಂಗಡಿಯಲ್ಲಿ. ಬಹಿಷ್ಕಾರ 381 ದಿನ ನಡೆದು ಗೆದ್ದಿತು. ಆದರೆ ಆಕೆ ಕೆಲಸ ಕಳೆದುಕೊಂಡು, 1957ರಲ್ಲಿ ಕಾರಿನ ಕಾರ್ಖಾನೆಗಳ ಡೆಟ್ರಾಯಿಟ್‌ಗೆ ವಲಸೆ ಹೋಗಬೇಕಾಯಿತು. ಒಂದೇ ಹೋರಾಟದ ಇಬ್ಬರು, ಇಬ್ಬರೂ ಧೈರ್ಯಸ್ಥರು; ಊರಲ್ಲಿ ಉಳಿದವರು ಯಾರು, ಬಿಟ್ಟವರು ಯಾರು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸಿದ್ದು ಸಂಬಳದ ಮೂಲ. ಮುಂದೆ 1966ರಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಹುಟ್ಟಿದ್ದು ಓಕ್ಲೆಂಡ್ ಎಂಬ ಬಂದರು ನಗರದಲ್ಲಿ, ಮಹಾಯುದ್ಧ ಕಾಲದ ಹಡಗುಕಟ್ಟೆಗಳ ಕೆಲಸಕ್ಕೆ ದಕ್ಷಿಣದ ಹತ್ತಿ ಹೊಲಗಳಿಂದ ಬಂದ ಕುಟುಂಬಗಳ ನಡುವೆ. ಅದರ ಹೆಸರನ್ನು ಎರವಲು ಪಡೆದ ದಲಿತ ಪ್ಯಾಂಥರ್ಸ್ 1972ರಲ್ಲಿ ಹುಟ್ಟಿದ್ದು ಗಿರಣಿಗಳ ಮುಂಬಯಿಯಲ್ಲಿ. ಎರಡು ವರ್ಷದ ಬಳಿಕ ಭದ್ರಾವತಿ.

ಜನಾಂಗಭೇದ ಬೇರೆ, ಜಾತಿ ಬೇರೆ. ಎರಡನ್ನೂ ಒಂದೇ ಕಣ್ಣಿಂದ ನೋಡುವುದು ತಪ್ಪು ಎಂದು ಹೇಳುವವರಿದ್ದಾರೆ. 2001ರಲ್ಲಿ ಡರ್ಬನ್‌ನಲ್ಲಿ ವಿಶ್ವಸಂಸ್ಥೆ ನಡೆಸಿದ ಜನಾಂಗಭೇದ ವಿರೋಧಿ ಸಮ್ಮೇಳನದಲ್ಲಿ ಜಾತಿಯನ್ನು ಚರ್ಚೆಗೆ ತರಬಾರದೆಂದು ಭಾರತ ಸರ್ಕಾರ ಪಟ್ಟು ಹಿಡಿದದ್ದು ಇದೇ ಆಧಾರದ ಮೇಲೆ. ಸಮಾಜಶಾಸ್ತ್ರಜ್ಞ ಆಂದ್ರೆ ಬೆತೆಯ್ ಅವರೂ ಎರಡನ್ನು ಬೆರೆಸುವುದನ್ನು ವಿರೋಧಿಸಿದ್ದರು. ಈ ಆಕ್ಷೇಪದಲ್ಲಿ ಹುರುಳಿದೆ. ಜಾತಿಗಳು ಬೇರೆಬೇರೆ ರಕ್ತದ ಜನಾಂಗಗಳು ಎಂಬ ಸಿದ್ಧಾಂತವನ್ನು ಸ್ವತಃ ಅಂಬೇಡ್ಕರ್ ತಳ್ಳಿಹಾಕಿದ್ದರು. ಅದೇ ಅಂಬೇಡ್ಕರ್ 1946ರಲ್ಲಿ ಅಮೆರಿಕದ ಕಪ್ಪು ಜನರ ಚಿಂತಕ ಡು ಬಾಯ್ಸ್ ಅವರಿಗೆ ಪತ್ರ ಬರೆದು, ವಿಶ್ವಸಂಸ್ಥೆಗೆ ಅಲ್ಲಿನ ಕಪ್ಪು ಜನ ಸಲ್ಲಿಸಿದ್ದ ಅಹವಾಲಿನ ಪ್ರತಿ ಕೇಳಿದರು. ಮೂಲ ಬೇರೆಯಾದರೂ ಎರಡೂ ವ್ಯವಸ್ಥೆಗಳು ಕೆಲಸ ಮಾಡುವ ಕ್ರಮ ಹತ್ತಿರದ್ದು ಎಂದು ಅವರಿಗೆ ಗೊತ್ತಿತ್ತು: ಹುಟ್ಟಿನಿಂದ ಕೆಲಸ ನಿಗದಿ, ಕೆಲಸದಿಂದ ಅವಲಂಬನೆ, ಅವಲಂಬನೆಯಿಂದ ಮೌನ. ನನ್ನ ವಾದಕ್ಕೆ ಬೇಕಿರುವುದು ಈ ಮೂರನೆಯ ಕೊಂಡಿ ಮಾತ್ರ. ಚರ್ಮದ ಬಣ್ಣದ ಚರ್ಚೆಯನ್ನು ಡರ್ಬನ್‌ಗೆ ಬಿಡೋಣ.

ಇದಕ್ಕಿಂತ ಬಿಗಿಯಾದ ಆಕ್ಷೇಪ ಇನ್ನೊಂದಿದೆ. ಕಾರ್ಖಾನೆಯೊಳಗೂ ಜಾತಿ ಇತ್ತಲ್ಲ? ಇತ್ತು. ಮುಂಬಯಿಯ ಗಿರಣಿಗಳಲ್ಲಿ ನೂಲನ್ನು ಬಾಯಿಂದ ಎಳೆಯಬೇಕಾಗಿದ್ದ ನೇಯ್ಗೆ ವಿಭಾಗಕ್ಕೆ ಅಸ್ಪೃಶ್ಯರನ್ನು ಬಿಡುತ್ತಿರಲಿಲ್ಲ. ಮುಷ್ಕರ ಹೂಡಿದ ಕಾರ್ಮಿಕ ನಾಯಕರೂ ಅದನ್ನು ಪ್ರಶ್ನಿಸಿರಲಿಲ್ಲವೆಂದು 1928ರಲ್ಲಿ ಅಂಬೇಡ್ಕರ್ ತಗಾದೆ ತೆಗೆದಿದ್ದರು. ಯೂನಿಯನ್ನಿನ ಕೆಂಪು ಬಾವುಟ ಕೇರಿಯ ಪ್ರಶ್ನೆ ಬಂದಾಗ ಮಡಚಿಕೊಂಡದ್ದು ಎಷ್ಟೋ ಊರುಗಳ ಅನುಭವ. ಹಾಗಾಗಿಯೇ ಯೂನಿಯನ್ ಇದ್ದ ಊರಿನಲ್ಲೂ ದಲಿತರಿಗೆ ಪ್ರತ್ಯೇಕ ಸಂಘಟನೆ ಬೇಕಾಯಿತು. ಕಾರ್ಖಾನೆ ಜಾತಿಯನ್ನು ಅಳಿಸಿತು ಎಂದು ನಾನು ಹೇಳುತ್ತಿಲ್ಲ. ಅದು ಜಾತಿಗೂ ಅನ್ನಕ್ಕೂ ಇದ್ದ ಗಂಟನ್ನು ಸಡಿಲಿಸಿತು, ಅಷ್ಟೇ. ಅವಮಾನ ಮಾಡುವವನು ಒಬ್ಬ, ಸಂಬಳ ಕೊಡುವವನು ಇನ್ನೊಬ್ಬ ಆದಾಗ ಅವಮಾನ ಮಾಡಿದವನ ವಿರುದ್ಧ ಮಾತಾಡಲು ಸಾಧ್ಯವಾಗುತ್ತದೆ. ಈ ವಾದಕ್ಕೆ ವಿರುದ್ಧವಾಗಿ, ಹಳ್ಳಿಯೊಳಗಿಂದಲೇ ಎದ್ದ ಹೋರಾಟಕ್ಕೆ ಉದಾಹರಣೆಯಾಗಿ 1951ರ ಕಾಗೋಡು ಸತ್ಯಾಗ್ರಹವನ್ನು ಮುಂದಿಡಬಹುದು. ಸಾಗರ ತಾಲ್ಲೂಕಿನ ಆ ರೈತರು ಗೇಣಿದಾರರು. ನೇಗಿಲು ಅವರದು, ಬೆಳೆ ಅವರ ಕೈಯಲ್ಲಿ, ಜಗಳ ಭತ್ತ ಅಳೆಯುವ ಕೊಳಗದ ಗಾತ್ರದ್ದು. ಶಾಂತವೇರಿ ಗೋಪಾಲಗೌಡರ ಸಮಾಜವಾದಿ ಪಕ್ಷ ಹೊರಗಿನಿಂದ ಬಲ ತುಂಬಿತು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಬೆಳೆದದ್ದನ್ನು ತಡೆಹಿಡಿಯುವ ಶಕ್ತಿ ಗೇಣಿದಾರನಿಗಿತ್ತು. ದಿನಗೂಲಿಯವನು ತಡೆಹಿಡಿಯಲು ಏನಿದೆ? ತನ್ನ ಹಸಿವು.

ಹೊರಗಿನವರು ಬಂದು ಊರು ಕೆಡಿಸುತ್ತಾರೆ ಎಂಬುದು ಹಳ್ಳಿಗಳಲ್ಲಿ ಅತಿ ಹೆಚ್ಚು ಕೇಳುವ ದೂರು. 2024ರ ಜನವರಿ 1ರಂದು ತರೀಕೆರೆ ತಾಲ್ಲೂಕಿನ ಗೇರುಮರಡಿ ಗೊಲ್ಲರಹಟ್ಟಿಗೆ ಜೆಸಿಬಿ ಕೆಲಸಕ್ಕೆಂದು ಹೋದ ದಲಿತ ಯುವಕನ ಜಾತಿ ಕೇಳಿ, ಹಟ್ಟಿ ಮೈಲಿಗೆಯಾಯಿತೆಂದು ಹೊಡೆದರು ಎಂಬ ದೂರು ದಾಖಲಾಯಿತು. ಕೆಲವೇ ದಿನಗಳಲ್ಲಿ ದಲಿತ ಸಂಘಟನೆಗಳ ಕಾರ್ಯಕರ್ತರು ಅಧಿಕಾರಿಗಳು, ಪೊಲೀಸರ ಸಮ್ಮುಖದಲ್ಲಿ ಹಟ್ಟಿ ಪ್ರವೇಶಿಸಿ, ಮುಚ್ಚಿದ್ದ ದೇವಸ್ಥಾನದೊಳಗೂ ಹೋದರು. ಯಂತ್ರದ ಕೆಲಸದವನಾದ್ದರಿಂದ ಆ ಯುವಕನ ಕೂಲಿ ಹಟ್ಟಿಯ ಮೇಲೆ ನಿಂತಿರಲಿಲ್ಲ. ದೂರು ಠಾಣೆಯವರೆಗೆ ಹೋಗಲು ಅದೂ ಒಂದು ಕಾರಣ ಇರಬೇಕು. ಕಾರ್ಯಕರ್ತರೂ ಹಟ್ಟಿಯ ಅನ್ನ ತಿನ್ನುವವರಲ್ಲ. ‘ಹೊರಗಿನವರು’ ಎಂಬುದು ಬೈಗುಳವಾಗಿ ಬಳಕೆಯಾದರೂ ಈ ಪ್ರಸಂಗದಲ್ಲಿ ಅದೇ ಅವರ ಅರ್ಹತೆ. ಒಂದು ಮಾತು ಸೇರಿಸಲೇಬೇಕು: ಹಟ್ಟಿಯ ಕಾಡುಗೊಲ್ಲರು ಬಲಾಢ್ಯ ಜಮೀನುದಾರರಲ್ಲ, ತಾವೇ ಪರಿಶಿಷ್ಟ ಪಂಗಡದ ಮಾನ್ಯತೆಗಾಗಿ ವರ್ಷಗಳಿಂದ ಕೇಳಿಕೊಳ್ಳುತ್ತಿರುವವರು. ಮುಟ್ಟಾದ, ಬಾಣಂತಿಯಾದ ತಮ್ಮ ಹೆಣ್ಣುಮಕ್ಕಳನ್ನೇ ಹಟ್ಟಿಯ ಹೊರಗೆ ಇರಿಸುವ ಮೈಲಿಗೆಯ ನಿಯಮಕ್ಕೆ ಒಳಗಾದವರು. ಅವರನ್ನು ಖಳರನ್ನಾಗಿ ಮಾಡಿ ಮುಗಿಸಿದರೆ ಹೊಲ, ತೋಟ, ಸಾಲದ ಪುಸ್ತಕ ಹಿಡಿದವರು ತಪ್ಪಿಸಿಕೊಳ್ಳುತ್ತಾರೆ. ಹೊರಗಿನವರ ಹೋರಾಟಕ್ಕೂ ಮಿತಿ ಇದೆ. 1986ರ ಮಾರ್ಚ್‌ನಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯಲು ಹೋದ ಸಂಘರ್ಷ ಸಮಿತಿಯವರನ್ನೂ ಪೊಲೀಸರನ್ನೂ ಭಕ್ತರ ಗುಂಪು ಬೆತ್ತಲೆ ಮಾಡಿ ಹೊಡೆಯಿತು. ಸೇವೆ ಸಲ್ಲಿಸುತ್ತಿದ್ದವರಲ್ಲಿ ದಲಿತರೂ ಇದ್ದರು. ಸರ್ಕಾರ ಆಮೇಲೆ ಆ ಆಚರಣೆಯನ್ನು ನಿಷೇಧಿಸಿತು. ಸಮಿತಿ ಹೇಳಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆದರೂ ಪಟ್ಟಣದ ಜನ ಬಂದು ಹೋದ ಮೇಲೆ ಹಳ್ಳಿಯಲ್ಲಿ ಉಳಿಯುವವನಿಗೆ ಏನು ಗತಿ ಎಂಬ ಪ್ರಶ್ನೆಗೆ ಜಯಕಾರದಲ್ಲಿ ಉತ್ತರವಿಲ್ಲ.

ಅಟ್ರಾಸಿಟಿ ಕೇಸು ಹಾಕಿದ ಮರುದಿನ ಶುರುವಾಗುವುದು ಹೊಡೆತವಲ್ಲ, ಮೌನ. ಕೂಲಿಗೆ ಕರೆಯುವುದಿಲ್ಲ, ಅಂಗಡಿಯಲ್ಲಿ ಸಾಲ ಸಿಗುವುದಿಲ್ಲ, ಆಟೋದವನು ನಿಲ್ಲಿಸುವುದಿಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ತಂದು ಸಾಮಾಜಿಕ, ಆರ್ಥಿಕ ಬಹಿಷ್ಕಾರವನ್ನೂ ಅಪರಾಧವೆಂದು ಸೇರಿಸಿದ್ದು ಈ ಅನುಭವದಿಂದಲೇ. ಕಾನೂನು ಇದೆ, ಹೋರಾಟ ಏಕೆ ಎಂದು ಕೇಳುವವರಿಗೆ ಇಲ್ಲೇ ಉತ್ತರವಿದೆ: ಹೊಡೆದದ್ದಕ್ಕೆ ಸಾಕ್ಷಿ ಸಿಗಬಹುದು, ಕೂಲಿಗೆ ಕರೆಯದೇ ಇದ್ದದ್ದಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಬಯಲಿನ ಕೂಲಿಗಳು ಮಲೆನಾಡಿನ ಕಾಫಿ ತೋಟಗಳಿಗೆ ಹೋಗುವುದು ಹಳೆಯ ರೂಢಿ. ಅದರಿಂದಾದರೂ ಊರ ಹಂಗು ತಪ್ಪಬೇಕಿತ್ತು. ಆದರೆ ಲೈನ್ ಮನೆ, ಮುಂಗಡದ ಹಣ ಎರಡೂ ಸೇರಿ ಹೊಸ ಹಂಗು ಹುಟ್ಟಿಸುತ್ತವೆ. 2022ರ ಅಕ್ಟೋಬರಿನಲ್ಲಿ ಚಿಕ್ಕಮಗಳೂರು ಜಿಲ್ಲೆಯ ತೋಟವೊಂದರಲ್ಲಿ ಮುಂಗಡದ ವಿಚಾರಕ್ಕೆ ದಲಿತ ಕಾರ್ಮಿಕರನ್ನು ಕೂಡಿಹಾಕಿದ ಆರೋಪದ ಮೇಲೆ ಪ್ರಕರಣ ದಾಖಲಾಯಿತು. ಸಂಬಳವೊಂದಿದ್ದರೆ ಸಾಲದು, ಅದರ ಹಿಂದೆ ಸಾಲದ ಹಗ್ಗ ಇರಬಾರದು. ಇಷ್ಟು ತಿದ್ದುಪಡಿಯನ್ನು ನನ್ನ ವಾದಕ್ಕೆ ನಾನೇ ಸೇರಿಸಬೇಕು. ಹಾಗೆ ನೋಡಿದರೆ 2005ರ ಉದ್ಯೋಗ ಖಾತರಿ ಕಾಯ್ದೆ ಕೊಟ್ಟ 100 ದಿನದ ಕೆಲಸವನ್ನು ಬಡತನ ನಿವಾರಣೆಯ ಯೋಜನೆ ಎಂದಷ್ಟೇ ಓದಿದ್ದು ನಮ್ಮ ತಪ್ಪು. ಊರ ಹೊಲದ ಹಂಗಿಲ್ಲದ ಕೂಲಿ ಹಳ್ಳಿಯೊಳಗೇ ಬ್ಯಾಂಕ್ ಖಾತೆಗೆ ಬಂದದ್ದು ಅದೇ ಮೊದಲು. ಅದರ ವಿರುದ್ಧ ‘ಹೊಲಕ್ಕೆ ಆಳು ಸಿಗುತ್ತಿಲ್ಲ’ ಎಂದು ಎದ್ದ ಕೂಗಿನಲ್ಲಿ ಕೂಲಿಯ ದರದ ಚಿಂತೆಯೊಂದೇ ಇರಲಿಲ್ಲ.

ಭದ್ರಾವತಿಯ ಆ ಆಧಾರವೇ ಈಗ ಕುಸಿದಿದೆ. ಕಾಗದದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿ ವರ್ಷಗಳೇ ಆಗಿವೆ. ಉಕ್ಕಿನ ಕಾರ್ಖಾನೆಯನ್ನು ಮುಚ್ಚಲು 2023ರ ಜನವರಿಯಲ್ಲಿ ಅದರ ಒಡೆತನದ ಕೇಂದ್ರ ಸರ್ಕಾರಿ ಸಂಸ್ಥೆ ಭಾರತೀಯ ಉಕ್ಕು ಪ್ರಾಧಿಕಾರ ತೀರ್ಮಾನಿಸಿದಾಗ ಬೀದಿಗಿಳಿದವರಲ್ಲಿ ಗುತ್ತಿಗೆ ಕಾರ್ಮಿಕರೇ ಮುಂದಿದ್ದರು. ಕೆಲವು ವಿಭಾಗಗಳಿಗೆ ಮತ್ತೆ ಜೀವ ಬಂದರೂ ಸಾವಿರಾರು ಕಾಯಂ ಕೆಲಸಗಳ ಆ ಊರು ಮರಳುವ ಸೂಚನೆ ಇಲ್ಲ. ಕೃಷ್ಣಪ್ಪ 1997ರಲ್ಲಿ ತೀರಿಕೊಂಡರು. ಅಷ್ಟರಲ್ಲೇ ಸಮಿತಿ ಒಡೆದಿತ್ತು. ಒಡಕಿಗೆ ನಾಯಕರ ಪ್ರತಿಷ್ಠೆ, ಪಕ್ಷ ರಾಜಕಾರಣ, ಎಡಗೈ-ಬಲಗೈ ಸಮುದಾಯಗಳ ಅಸಮಾಧಾನ ಎಂದು ಕಾರಣ ಕೊಡುತ್ತಾರೆ, ಎಲ್ಲವೂ ನಿಜವೇ. ಅದರೊಂದಿಗೆ ಇನ್ನೊಂದನ್ನೂ ಗಮನಿಸಬೇಕು: ಕಾಯಂ ನೌಕರ ಚಂದಾ ಕೊಟ್ಟು ನಡೆಸುತ್ತಿದ್ದ ಸಂಘಟನೆ ಚಂದಾ ಕೊಡುವವರು ಕಡಿಮೆಯಾದಾಗ ಶಾಸಕರು, ಗುತ್ತಿಗೆದಾರರ ಕಡೆ ನೋಡತೊಡಗುತ್ತದೆ. ಟೀಕಾಕಾರರು ಇದನ್ನು ನೈತಿಕ ಪತನ ಎಂದು ಬೈಯುತ್ತಾರೆ. ನನಗೆ ಅದು ಹೆಚ್ಚಾಗಿ ಲೆಕ್ಕಪತ್ರದ ಸಮಸ್ಯೆಯಾಗಿ ಕಾಣುತ್ತದೆ. ಆ ಪರಂಪರೆ ಸತ್ತಿಲ್ಲ ಎಂಬುದಕ್ಕೂ ಪುರಾವೆಯಿದೆ. 2022ರ ಡಿಸೆಂಬರ್ 6ರಂದು ಬೆಂಗಳೂರಿನ ನ್ಯಾಷನಲ್ ಕಾಲೇಜು ಮೈದಾನದಲ್ಲಿ ಸಮಿತಿಯ ಹಲವು ಬಣಗಳು ಒಂದೇ ವೇದಿಕೆಗೆ ಬಂದವು. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಕಾಯ್ದೆಗೆ, ಕೋರ್ಟಿನ ತೀರ್ಪಿನಿಂದ ಬಿದ್ದಿದ್ದ ಪೆಟ್ಟನ್ನು ಸರಿಪಡಿಸಲು 2023ರಲ್ಲಿ ತಿದ್ದುಪಡಿ ಬಂತು. ಅದರ ಹಿಂದೆ ಫ್ರೀಡಂ ಪಾರ್ಕಿನ ದೀರ್ಘ ಧರಣಿಯಿತ್ತು.

ಮೊಬೈಲ್ ಬಂದ ಮೇಲೆ ಪಟ್ಟಣದ ನೆಲೆ ಏಕೆ ಬೇಕು, ಹಳ್ಳಿಯ ಹುಡುಗನೇ ವಿಡಿಯೊ ಹಾಕುತ್ತಾನಲ್ಲ ಎಂಬುದು ಇತ್ತೀಚಿನ ವಾದ. ವಿಡಿಯೊ ಸುದ್ದಿ ಮಾಡುತ್ತದೆ. ಆದರೆ ಠಾಣೆಯಲ್ಲಿ ದೂರು ಸ್ವೀಕರಿಸದಿದ್ದಾಗ ಎಸ್‌ಪಿ ಕಚೇರಿಗೆ ಅಲೆಯಲು, ಎದುರಿನವರು ಕೌಂಟರ್ ಕೇಸು ಹಾಕಿದಾಗ ಜಾಮೀನು ಕೊಡಲು, ವಿಚಾರಣೆಯ ದಿನ ಸಾಕ್ಷಿಗಳನ್ನು ಕರೆದೊಯ್ಯಲು, ರಾಜಿ ಪಂಚಾಯ್ತಿಗೆ ಒತ್ತಾಯ ಬಂದಾಗ ಜೊತೆ ನಿಲ್ಲಲು ಬಿಡುವು ಮತ್ತು ಬಸ್ ಚಾರ್ಜು ಎರಡೂ ಇರುವ ಜನ ಬೇಕು. ಕಡೂರು, ಬೀರೂರು, ಅಜ್ಜಂಪುರದಂಥ ಊರುಗಳಲ್ಲಿ ಇಂದು ಅಂಥವರು ಯಾರು? ಪುರಸಭೆಯ ಪೌರಕಾರ್ಮಿಕರು, ಸಾರಿಗೆ ನೌಕರರು, ಶಾಲಾ ಶಿಕ್ಷಕರು, ಅಂಗನವಾಡಿಯವರು, ಸಣ್ಣ ವಕೀಲರು. ಪೌರಕಾರ್ಮಿಕರ ನೇರ ನೇಮಕ, ಖಾಲಿ ಬಿದ್ದ ಹುದ್ದೆಗಳ ಭರ್ತಿ, ಹೊರಗುತ್ತಿಗೆಗೆ ಕಡಿವಾಣ ಇವನ್ನೆಲ್ಲ ನಾವು ನೌಕರರ ಬೇಡಿಕೆ ಎಂದು ಪತ್ರಿಕೆಯ ಒಳಪುಟಕ್ಕೆ ತಳ್ಳುತ್ತೇವೆ. ಜಾತಿ ದೌರ್ಜನ್ಯದ ಸುದ್ದಿ ಮುಖಪುಟಕ್ಕೆ ಬರುತ್ತದೆ. ಪೊರಕೆ ಹಿಡಿದವಳ ಕೆಲಸವನ್ನು ತಿಂಗಳಿಗೊಮ್ಮೆ ಗುತ್ತಿಗೆದಾರ ನವೀಕರಿಸಬೇಕಾದಾಗ, ಹಳ್ಳಿಯಲ್ಲಿರುವ ತನ್ನ ತಮ್ಮನ ಪರವಾಗಿ ಧರಣಿ ಕೂರಲು ಆಕೆ ರಜೆ ಕೇಳುವುದಿಲ್ಲ. ಯಗಟಿ ಹೋಬಳಿಯ ಯಾವ ಕೇರಿಯವನು ದೂರು ಕೊಟ್ಟು ಅದರ ಮೇಲೆ ನಿಲ್ಲಬಲ್ಲ ಎಂಬುದನ್ನು ಕಡೂರಿನ ಪುರಸಭೆ ಯಾರನ್ನು ಕಾಯಂ ಮಾಡುತ್ತದೆ, ಯಾರನ್ನು ಬಿಡುತ್ತದೆ ಎಂಬ ಆದೇಶದ ಪ್ರತಿಯಲ್ಲೂ ಓದಬಹುದು.